ಜೋರು ಮಳೆ "ಸ್ಟ್ರಾಂಗ್" ಏಕಾಗುವುದಿಲ್ಲ? ಇಂಗ್ಲಿಷಿನ ಪದಜೋಡಿಗಳ ಕುರಿತು

ಪ್ರಶ್ನೆ: ಬದಿಯಡ್ಕದ ಓದುಗಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಹತ್ತನೆಯ ತರಗತಿಯ ತನಕ ಕನ್ನಡ ಮಾಧ್ಯಮದಲ್ಲಿ ಓದಿದವಳು, ಈಗ ಪದವಿಯ ಮೊದಲ ವರ್ಷದಲ್ಲಿದ್ದಾಳೆ. ಕಾಲೇಜಿನಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ, ಗೆಳತಿಯರೊಂದಿಗೆ ಮಾತು ಮಲಯಾಳದಲ್ಲಿ, ಮನೆಯಲ್ಲಿ ಕನ್ನಡ. ವ್ಯಾಕರಣದಲ್ಲಿ ಅವಳು ಹಿಂದೆ ಬಿದ್ದಿಲ್ಲ. ಕಾಲ, ವಚನ, ಕರ್ಮಣಿ ಪ್ರಯೋಗ ಇವೆಲ್ಲ ಅವಳಿಗೆ ಚೆನ್ನಾಗಿ ಗೊತ್ತು. ಹಾಗಿದ್ದರೂ ತಿದ್ದಿ ಬಂದ ಪ್ರಬಂಧದಲ್ಲಿ ಕೆಲವು ಮಾತುಗಳ ಕೆಳಗೆ ಯಾವಾಗಲೂ ಗೆರೆ ಇರುತ್ತದೆ. ಈ ಸಲ ಗೆರೆ ಬಿದ್ದವು ಇವು: "ಸ್ಟ್ರಾಂಗ್ ರೇನ್", "ಡಿಡ್ ಎ ಮಿಸ್ಟೇಕ್", "ಸೆಡ್ ಎ ಲೈ", "ಸಾ ಎ ಡ್ರೀಮ್". ಪಕ್ಕದಲ್ಲಿ "ಹೀಗೆ ಬಳಕೆಯಿಲ್ಲ" ಎಂದಷ್ಟೇ ಬರೆದಿತ್ತು. ಬಳಕೆ ಹೇಗಿದೆ, ಅದನ್ನು ಎಲ್ಲಿ ನೋಡಿ ತಿಳಿಯಬೇಕು ಎಂಬುದು ಅವಳ ಪ್ರಶ್ನೆ, ನನ್ನದೂ ಅದೇ. ಇದಕ್ಕೆ ನಿಯಮ ಏನಾದರೂ ಇದೆಯೇ? ಇಲ್ಲವೆಂದಾದರೆ ಪಟ್ಟಿ ಮಾಡಿ ಬಾಯಿಪಾಠ ಮಾಡಬೇಕೇ? ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಎಲ್ಲಿಂದ ಆರಂಭಿಸಿದರೆ ಒಳ್ಳೆಯದು ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಕುಂಬಳೆಯ ನಿವೃತ್ತ ಅಧ್ಯಾಪಕ

ತಂಗೀ, ನಿಮ್ಮ ಮಗಳ ಆ ನಾಲ್ಕು ಮಾತುಗಳಲ್ಲಿ ವ್ಯಾಕರಣದ ದೋಷ ಒಂದೂ ಇಲ್ಲ. ಇಂಗ್ಲಿಷ್ ಮಾತನಾಡುವವರು ಆ ಶಬ್ದಗಳನ್ನು ಹಾಗೆ ಜತೆಗೂಡಿಸುವುದಿಲ್ಲ, ಅಷ್ಟೆ. ಯಾವ ಶಬ್ದ ಯಾವುದರ ಜತೆ ಬರುತ್ತದೆ ಎಂಬ ಈ ರೂಢಿಗೆ ಕಾಲೊಕೇಶನ್ ಎಂದು ಹೆಸರು. ನಾನು ತರಗತಿಯಲ್ಲಿ ಪದಜೋಡಿ ಎನ್ನುತ್ತಿದ್ದೆ. ಹೆರಾಲ್ಡ್ ಪಾಮರ್ ಎಂಬವರು 1933ರಲ್ಲಿ ಟೋಕಿಯೋದಲ್ಲಿ ಇಂಗ್ಲಿಷಿನ ಪದಜೋಡಿಗಳ ಮೇಲೆ ಒಂದು ವರದಿ ಹೊರತಂದರು. ಜಪಾನಿನ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಕೆಲಸದ ನಡುವೆ ಹುಟ್ಟಿದ ವರದಿ ಅದು. ತಾಯ್ನುಡಿಯಾಗಿ ಆಡುವವರಿಗೆ ಇದು ಕಣ್ಣಿಗೇ ಬೀಳದ ಸಂಗತಿ, ಹೊರಗಿನಿಂದ ಬಂದು ಕಲಿಯುವವರಿಗೆ ಮಾತ್ರ ಹೆಜ್ಜೆಹೆಜ್ಜೆಗೆ ಎದುರಾಗುವಂಥದ್ದು. ಆದ್ದರಿಂದ ನಿಮ್ಮ ಮಗಳ ತೊಡಕು ಅವಳೊಬ್ಬಳದಲ್ಲ. ಪಾಮರರ ಜತೆ ಜಪಾನಿನಲ್ಲಿ ದುಡಿದ ಹಾರ್ನ್‌ಬಿ ಅವರೇ ಮುಂದೆ ಕಲಿಯುವವರಿಗಾಗಿ ನಿಘಂಟು ಸಿದ್ಧಪಡಿಸಿದರು. ಅದು 1942ರಲ್ಲಿ ಜಪಾನಿನಲ್ಲಿ ಅಚ್ಚಾಯಿತು, 1948ರಲ್ಲಿ ಆಕ್ಸ್‌ಫರ್ಡಿನಿಂದ ಹೊರಬಂತು. ಇಂದಿಗೂ ಪರಿಷ್ಕೃತವಾಗಿ ನಡೆದುಬರುತ್ತಿದೆ.

ನಿಯಮ ಇದೆಯೇ ಎಂದು ಕೇಳಿದಿರಿ. ಭಾಷಾವಿಜ್ಞಾನಿ ಹ್ಯಾಲಿಡೆ 1966ರಲ್ಲಿ ಕೊಟ್ಟ ಒಂದು ಉದಾಹರಣೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಸ್ಟ್ರಾಂಗ್, ಪವರ್‌ಫುಲ್ ಎರಡರ ಅರ್ಥವೂ ಹೆಚ್ಚುಕಡಿಮೆ ಒಂದೇ. ವಾದಕ್ಕೆ ಎರಡನ್ನೂ ಬಳಸಬಹುದು. ಆದರೆ ಚಹಾ ಸ್ಟ್ರಾಂಗ್ ಆಗುತ್ತದೆಯೇ ಹೊರತು ಪವರ್‌ಫುಲ್ ಆಗುವುದಿಲ್ಲ, ಕಾರು ಪವರ್‌ಫುಲ್ ಆಗುತ್ತದೆ, ಸ್ಟ್ರಾಂಗ್ ಆಗುವುದಿಲ್ಲ. ಏಕೆ ಎಂದರೆ ಅರ್ಥದಲ್ಲಿ ಉತ್ತರ ಸಿಗುವುದಿಲ್ಲ, ರೂಢಿಯಲ್ಲಿ ಮಾತ್ರ ಸಿಗುತ್ತದೆ. ನಾವೂ ಕಡುಬಡವ ಎನ್ನುತ್ತೇವೆ, ಕಡುಶ್ರೀಮಂತ ಎನ್ನುವುದಿಲ್ಲ. ಅವನು ಆಗರ್ಭ ಶ್ರೀಮಂತನಾಗಬೇಕು. ನಿದ್ರೆ ಗಾಢ, ತಪಸ್ಸು ಘೋರ, ಮಂಜು ದಟ್ಟ. ಇವನ್ನು ಯಾರೂ ನಮಗೆ ಪಟ್ಟಿ ಮಾಡಿ ಕೊಡಲಿಲ್ಲ. ನಿಮ್ಮ ಮಗಳಲ್ಲಿ ಈ ಕಿವಿ ಕನ್ನಡದ ಮಟ್ಟಿಗೆ ಈಗಾಗಲೇ ಇದೆ, ಇಂಗ್ಲಿಷಿಗೆ ಅದನ್ನು ಬೆಳೆಸಬೇಕಾಗಿದೆ.

ಈಗ ಮಳೆಯ ವಿಷಯ. ನಮ್ಮ ಕರಾವಳಿಯ ಮಾತಿನಲ್ಲಿ "ಜೋರು" ಎಂಬ ಒಂದೇ ಶಬ್ದದಿಂದ ಎಷ್ಟು ಕೆಲಸ ನಡೆಯುತ್ತದೆ ನೋಡಿ. ಜೋರು ಮಳೆ, ಜೋರು ಗಾಳಿ, ಜೋರು ಜ್ವರ, ಜೋರು ನೋವು, ಜೋರು ಶಬ್ದ. ಕೊನೆಗೆ ಹುಡುಗ ಕೂಡ ಜೋರು. ಇಂಗ್ಲಿಷಿನಲ್ಲಿ ಪ್ರತಿಯೊಂದಕ್ಕೂ ಬೇರೆ ಜೊತೆಗಾರ. ಮಳೆ ಹೆವಿ, ಗಾಳಿ ಸ್ಟ್ರಾಂಗ್, ಜ್ವರ ಹೈ, ನೋವು ಸಿವಿಯರ್, ಶಬ್ದ ಲೌಡ್. ನಿಮ್ಮ ಮಗಳಿಗೆ "ಸ್ಟ್ರಾಂಗ್ ರೇನ್" ಎಲ್ಲಿಂದ ಬಂದಿರಬಹುದು ಎಂಬುದಕ್ಕೆ ನನ್ನದೊಂದು ಊಹೆಯಿದೆ. ಮಳೆಗಾಲದಲ್ಲಿ ಮಲಯಾಳ ಪತ್ರಿಕೆ, ಟಿವಿಗಳಲ್ಲಿ "ಶಕ್ತಮಾಯ ಮಳ" ಎಂಬ ಮಾತು ದಿನವೂ ಕಿವಿಗೆ ಬೀಳುತ್ತದೆ. "ಶಕ್ತ" ಎಂಬುದನ್ನು ಇಂಗ್ಲಿಷಿಗೆ ತಂದರೆ ಸ್ಟ್ರಾಂಗ್. ಅದೇ ಮಲಯಾಳದಲ್ಲಿ "ಕನತ್ತ ಮಳ" ಎಂದೂ ಹೇಳುತ್ತಾರೆ, ಇದು "ಹೆವಿ"ಗೆ ಬಹಳ ಹತ್ತಿರ. ಕನ್ನಡದ "ಭಾರೀ ಮಳೆ" ಇನ್ನೂ ಹತ್ತಿರ. ಮೂರು ಭಾಷೆ ಬಲ್ಲ ನಮ್ಮೂರಿನ ಮಕ್ಕಳಿಗೆ ಎಡವುವುದಕ್ಕೆ ಎರಡು ದಾರಿಗಳಿರುವಂತೆಯೇ ನೆನಪಿಡುವುದಕ್ಕೂ ಎರಡು ಆಧಾರಗಳಿವೆ.

ಉಳಿದ ಮೂರರಲ್ಲಿ ತೊಂದರೆ ಕ್ರಿಯಾಪದದ್ದು. ನಾವು ಎಲ್ಲವನ್ನೂ "ಮಾಡು"ವವರು. ತಪ್ಪು ಮಾಡುತ್ತೇವೆ, ಮನೆಕೆಲಸ ಮಾಡುತ್ತೇವೆ, ಊಟ ಮಾಡುತ್ತೇವೆ, ಸಭೆ ಮಾಡುತ್ತೇವೆ, ಅಪರಾಧವನ್ನೂ ಮಾಡುತ್ತೇವೆ. ಇಂಗ್ಲಿಷಿನವರು ಮಿಸ್ಟೇಕ್ ಅನ್ನು "ಮೇಕ್", ಹೋಮ್‌ವರ್ಕ್ ಅನ್ನು "ಡೂ", ಲಂಚ್ ಅನ್ನು "ಹ್ಯಾವ್", ಮೀಟಿಂಗ್ ಅನ್ನು "ಹೋಲ್ಡ್", ಕ್ರೈಮ್ ಅನ್ನು "ಕಮಿಟ್" ಮಾಡುತ್ತಾರೆ. ಹೊಸದಾಗಿ ಏನಾದರೂ ಉಂಟಾದರೆ "ಮೇಕ್", ಕೆಲಸ ನಡೆದರೆ ಸಾಕು ಎಂದಾದರೆ "ಡೂ" ಎಂಬ ಸೂತ್ರವನ್ನು ಕೆಲವು ಪುಸ್ತಕಗಳು ಹೇಳುತ್ತವೆ. ಸ್ವಲ್ಪ ದೂರ ಅದು ಕೈಹಿಡಿದು ನಡೆಸುತ್ತದೆ. ಆಮೇಲೆ "ಮೇಕ್ ದ ಬೆಡ್" ಬರುತ್ತದೆ, ಅಲ್ಲಿ ಹಾಸಿಗೆ ಹೊಸದಾಗಿ ತಯಾರಾಗುವುದಿಲ್ಲ, ಸರಿಪಡಿಸುವುದಷ್ಟೆ. "ಡೂ ಡ್ಯಾಮೇಜ್" ಬರುತ್ತದೆ, ಅಲ್ಲಿ ಹಾನಿ ಹೊಸದಾಗಿ ಉಂಟಾಗಿದೆ. ಸೂತ್ರವನ್ನು ನಂಬಿದ ವಿದ್ಯಾರ್ಥಿ ಅಲ್ಲಿ ಕಂಗಾಲಾಗುತ್ತಾನೆ. ಸುಳ್ಳಿಗೆ "ಟೆಲ್" ಬೇಕು. ಸತ್ಯಕ್ಕೂ ಕತೆಗೂ ಅದೇ "ಟೆಲ್", ಪ್ರಾರ್ಥನೆಗೆ ಮಾತ್ರ "ಸೇ". ಕನಸನ್ನು ಇಂಗ್ಲಿಷಿನವರು ಕಾಣುವುದಿಲ್ಲ, "ಹ್ಯಾವ್ ಎ ಡ್ರೀಮ್" ಎನ್ನುತ್ತಾರೆ.

ಇದೆಲ್ಲ ಕೇಳಿ ಇಂಗ್ಲಿಷಿನಲ್ಲೇ ಹೆಚ್ಚು ಕಟ್ಟುಪಾಡು ಎಂದು ಭಾವಿಸಬಾರದು. ಯಕ್ಷಗಾನದ ಹಿಮ್ಮೇಳಕ್ಕೆ ಕುಳಿತವರು ಚೆಂಡೆ ಬಾರಿಸುತ್ತಾರೆ, ತಾಳ ಹಾಕುತ್ತಾರೆ. ಕಚೇರಿಯಲ್ಲಿ ವೀಣೆ ನುಡಿಸುತ್ತಾರೆ, ನಾಗಸ್ವರ ಊದುತ್ತಾರೆ. ಇಂಗ್ಲಿಷಿನ ಹುಡುಗನಿಗೆ ಇವೆಲ್ಲಕ್ಕೂ "ಪ್ಲೇ" ಒಂದೇ ಸಾಕು. ಅವನು ಕನ್ನಡ ಕಲಿಯಲು ಬಂದು "ಚೆಂಡೆ ಊದಿದರು" ಎಂದು ಬರೆದರೆ ಗೆರೆ ಎಳೆಯುವ ಸರದಿ ನಮ್ಮದು.

ಉತ್ತರ: ಮಂಜೇಶ್ವರದ ಅನುವಾದಕಿ

ಮಾಸ್ಟ್ರು ಹೇಳಿದ್ದಕ್ಕೆ ಹುಡುಕುವ ದಾರಿಯನ್ನು ಸೇರಿಸಬೇಕೆಂದು ತೋರಿತು, ಏಕೆಂದರೆ ಅಕ್ಕ ಕೇಳಿದ್ದು ಎಲ್ಲಿ ನೋಡಬೇಕು ಎಂದು. ಪದಜೋಡಿಗಳಿಗಾಗಿಯೇ ಮಾಡಿದ ನಿಘಂಟುಗಳಿವೆ. ಆಕ್ಸ್‌ಫರ್ಡ್ ಕಾಲೊಕೇಶನ್ಸ್ ಡಿಕ್ಷನರಿ 2002ರಲ್ಲಿ ಮೊದಲು ಬಂತು, 2009ರಲ್ಲಿ ಎರಡನೆಯ ಆವೃತ್ತಿ. ಇದರಲ್ಲಿ ಅರ್ಥ ಹುಡುಕಬಾರದು. "ರೇನ್" ತೆರೆದರೆ ಯಾವ ವಿಶೇಷಣಗಳು ಅದರ ಮುಂದೆ ಬರುತ್ತವೆ, ಯಾವ ಕ್ರಿಯಾಪದಗಳು ಅದರ ಜತೆ ಬರುತ್ತವೆ ಎಂಬುದು ಗುಂಪು ಗುಂಪಾಗಿ ಕೊಟ್ಟಿರುತ್ತದೆ: ಹೆವಿ, ಟೊರೆನ್ಶಿಯಲ್, ಲೈಟ್ ಹೀಗೆ. ಇಲ್ಲಿ ಒಂದು ಕಿವಿಮಾತು. ಹುಡುಕುವಾಗ ಯಾವಾಗಲೂ ನಾಮಪದದಿಂದ ಆರಂಭಿಸಬೇಕು. ಬರೆಯುವವರಿಗೆ ತಾನು ಯಾವುದರ ಬಗ್ಗೆ ಹೇಳುತ್ತಿದ್ದೇನೆ ಎಂಬುದು ಗೊತ್ತಿರುತ್ತದೆ. ತಿಳಿಯದಿರುವುದು ಅದಕ್ಕೆ ತಕ್ಕ ಕ್ರಿಯಾಪದ ಅಥವಾ ವಿಶೇಷಣ. "ಮಾಡು"ವಿಗೆ ಇಂಗ್ಲಿಷಿನಲ್ಲಿ ಏನು ಎಂದು ಕೇಳಿದರೆ ಉತ್ತರವೇ ಇಲ್ಲ, "ಡಿಸಿಶನ್" ಎಂಬುದಕ್ಕೆ ಯಾವ ಕ್ರಿಯಾಪದ ಎಂದು ಕೇಳಿದರೆ ಮೇಕ್, ರೀಚ್, ಟೇಕ್ ಎಂದು ಕೂಡಲೇ ಸಿಗುತ್ತದೆ.

ಪುಸ್ತಕ ಕೊಳ್ಳುವುದು ಕಷ್ಟವಾದರೆ ಆಕ್ಸ್‌ಫರ್ಡ್, ಕೇಂಬ್ರಿಜ್, ಲಾಂಗ್‌ಮನ್ ಇವರ ಕಲಿಕಾ ನಿಘಂಟುಗಳು ಅಂತರ್ಜಾಲದಲ್ಲಿ ಉಚಿತವಾಗಿವೆ. ಅವುಗಳಲ್ಲಿ ಅರ್ಥದ ಕೆಳಗಿರುವ ಉದಾಹರಣೆಯ ವಾಕ್ಯಗಳನ್ನು ಮಕ್ಕಳು ಬಿಟ್ಟುಬಿಡುತ್ತಾರೆ. ನಿಜವಾದ ಸರಕು ಇರುವುದು ಅಲ್ಲಿಯೇ. ಇದರ ಹಿಂದೆ ದೊಡ್ಡ ಕೆಲಸವಿದೆ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ಸಿಂಕ್ಲೇರ್ ಅವರ ನೇತೃತ್ವದಲ್ಲಿ, ಪತ್ರಿಕೆ, ಪುಸ್ತಕ, ಮಾತುಕತೆಗಳಿಂದ ಕಲೆಹಾಕಿದ ಇಂಗ್ಲಿಷನ್ನು ಕಂಪ್ಯೂಟರಿನಲ್ಲಿಟ್ಟು, ಒಂದೊಂದು ಶಬ್ದವೂ ನಿಜವಾಗಿ ಯಾರ ಜತೆ ಕಾಣಿಸಿಕೊಳ್ಳುತ್ತದೆ ಎಂದು ಸಾಲು ಸಾಲಾಗಿ ನೋಡಿ ಮಾಡಿದ ಕೋಬಿಲ್ಡ್ ನಿಘಂಟು 1987ರಲ್ಲಿ ಬಂತು. ನಾವು ಶಬ್ದಗಳನ್ನು ಒಂದೊಂದಾಗಿ ಆರಿಸಿ ವಾಕ್ಯ ಕಟ್ಟುವುದಕ್ಕಿಂತ ಹೆಚ್ಚಾಗಿ, ಅರ್ಧ ಸಿದ್ಧವಾದ ತುಂಡುಗಳನ್ನು ಇಡಿಯಾಗಿ ಎತ್ತಿಕೊಳ್ಳುತ್ತೇವೆ ಎಂಬುದು ಸಿಂಕ್ಲೇರ್ ಅವರ ತಿಳಿವಳಿಕೆಯಾಗಿತ್ತು. ಅನುವಾದ ಮಾಡುವ ನನಗೆ ಇದಕ್ಕಿಂತ ಸತ್ಯವಾದ ಮಾತು ಕಾಣುವುದಿಲ್ಲ. ಇಂದು ಅಂಥ ಸಂಗ್ರಹಗಳನ್ನು ವಿದ್ಯಾರ್ಥಿಗಳೇ ತೆರೆದು ನೋಡಬಹುದು. ಬ್ರಿಟಿಷ್ ನ್ಯಾಷನಲ್ ಕಾರ್ಪಸ್‌ನಲ್ಲಿ 10 ಕೋಟಿ ಶಬ್ದಗಳಿವೆ. ಮಾರ್ಕ್ ಡೇವೀಸ್ ಅವರು 2008ರಲ್ಲಿ ತೆರೆದಿಟ್ಟ ಅಮೆರಿಕನ್ ಇಂಗ್ಲಿಷಿನ ಸಂಗ್ರಹ ಈಗ 100 ಕೋಟಿ ಶಬ್ದಗಳನ್ನು ದಾಟಿದೆ. ಗೂಗಲ್‌ನಲ್ಲಿ ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕುವ ಅಭ್ಯಾಸವೂ ಹಲವರಿಗಿದೆ. ಅಲ್ಲಿ ಬರುವ ಸಂಖ್ಯೆಯನ್ನು ನಂಬಬೇಡಿ, ಅದು ಅಂದಾಜು. ಯಾರು, ಎಲ್ಲಿ ಬರೆದಿದ್ದಾರೆ ಎಂಬುದನ್ನು ನೋಡಿ.

ಮಗಳು ಇನ್ನೊಂದು ಸೂಕ್ಷ್ಮವನ್ನು ಗಮನಿಸಿದರೆ ಅವಳ ಬರವಣಿಗೆಯ ಮಟ್ಟವೇ ಏರುತ್ತದೆ. ಕನ್ನಡ ಪತ್ರಿಕೆಯಲ್ಲಿ ಸಚಿವರು "ಟೀಕೆಗೆ ಗುರಿಯಾದರು" ಎಂದಿರುತ್ತದೆ, ಆಟಗಾರ್ತಿ "ಪ್ರಶಂಸೆಗೆ ಪಾತ್ರರಾದರು" ಎಂದಿರುತ್ತದೆ. ಇವೆರಡನ್ನು ಅದಲುಬದಲು ಮಾಡಿ "ಪ್ರಶಂಸೆಗೆ ಗುರಿಯಾದರು" ಎಂದು ಬರೆದರೆ ಅರ್ಥವಾಗುತ್ತದೆ, ಆದರೆ ಕಿವಿ ಒಪ್ಪುವುದಿಲ್ಲ. "ಗುರಿ"ಯ ಜತೆ ಕೆಟ್ಟದ್ದೇ ಬಂದು ಬಂದು ಆ ಶಬ್ದಕ್ಕೇ ಅದರ ನೆರಳು ಹತ್ತಿದೆ. ಇಂಗ್ಲಿಷಿನ "ಕಾಸ್" ಹಾಗೆಯೇ. ನಿಘಂಟಿನಲ್ಲಿ ಅದರ ಅರ್ಥ ಉಂಟುಮಾಡು ಎಂದಷ್ಟೇ ಇರಬಹುದು. ಬಳಕೆಯಲ್ಲಿ ಅದರ ಹಿಂದೆ ಬರುವುದು ಡ್ಯಾಮೇಜ್, ಪ್ರಾಬ್ಲೆಮ್, ಡಿಲೇ, ಡೆತ್. ಸಂತೋಷ ಉಂಟುಮಾಡಿತು ಎನ್ನಬೇಕಾದಾಗ "ಕಾಸ್ಡ್ ಹ್ಯಾಪಿನೆಸ್" ಎಂದರೆ ಸಂತೋಷವೂ ಒಂದು ಅನಾಹುತದಂತೆ ಕೇಳಿಸುತ್ತದೆ. ಅಲ್ಲಿ "ಬ್ರಿಂಗ್" ಬೇಕು.

ಉತ್ತರ: ಉಪ್ಪಳದಿಂದ

ನಾನು ವಿದೇಶಕ್ಕೆ ಹೋಗುವ ನರ್ಸುಗಳಿಗೂ ವಿದ್ಯಾರ್ಥಿಗಳಿಗೂ ಇಂಗ್ಲಿಷ್ ಪರೀಕ್ಷೆಯ ತರಬೇತಿ ಕೊಡುವವನು. ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ತಿದ್ದುವವರು ಎಲ್ಲದರ ಕೆಳಗೂ ಗೆರೆ ಎಳೆಯುವುದನ್ನು ಒಪ್ಪಲಾರೆ. "ರೈಟ್ ಆ್ಯನ್ ಎಕ್ಸಾಮ್" ಎಂಬುದನ್ನು ತೆಗೆದುಕೊಳ್ಳಿ. ನಾವು ಪರೀಕ್ಷೆ ಬರೆಯುತ್ತೇವೆ, ಮಲಯಾಳದವರೂ "ಪರೀಕ್ಷ ಎಳುದುಗ" ಎನ್ನುತ್ತಾರೆ. ಬ್ರಿಟನ್ನಿನಲ್ಲಿ "ಟೇಕ್" ಅಥವಾ "ಸಿಟ್" ಎನ್ನುವುದೇ ರೂಢಿ ಎಂಬ ಕಾರಣಕ್ಕೆ ಇದನ್ನು ತಪ್ಪು ಎನ್ನುವವರಿದ್ದಾರೆ. ಆದರೆ ಕೆನಡಾದಲ್ಲಿಯೂ ದಕ್ಷಿಣ ಆಫ್ರಿಕಾದಲ್ಲಿಯೂ "ರೈಟ್" ಎಂದು ಹೇಳುತ್ತಾರೆ. ಇಂಥದ್ದು ಊರಿಂದೂರಿಗೆ ಬದಲಾಗುವ ಬಳಕೆ; ಯಾರು ಓದುತ್ತಾರೆ ಎಂದು ತಿಳಿದು ಆರಿಸಿಕೊಂಡರೆ ಸಾಕು. "ಪಾಸ್ಡ್ ಔಟ್ ಆಫ್ ಕಾಲೇಜ್" ಎಂಬುದರಲ್ಲಿ ಮಾತ್ರ ಎಚ್ಚರ ಬೇಕು. ನಮಗೆ ಅದು ಓದು ಮುಗಿಸಿದ್ದು, ಹೊರಗಿನವರಿಗೆ "ಪಾಸ್ ಔಟ್" ಎಂದರೆ ಪ್ರಜ್ಞೆ ತಪ್ಪಿ ಬೀಳುವುದು. ಆಸ್ಪತ್ರೆಯ ಕೆಲಸಕ್ಕೆ ಹೋಗುವವರ ಬಾಯಲ್ಲಿ ಈ ಗೊಂದಲ ಇರಬಾರದು. "ಡಿಸ್ಕಸ್ ಅಬೌಟ್" ನಮ್ಮ "ಬಗ್ಗೆ ಚರ್ಚಿಸು" ಎಂಬುದರಿಂದ ನೇರವಾಗಿ ಇಳಿದದ್ದು, ಅದನ್ನು ತಿದ್ದಿಕೊಳ್ಳಲೇಬೇಕು.

ಪರೀಕ್ಷೆಯ ದೃಷ್ಟಿಯಿಂದಲೂ ಇದು ಸಣ್ಣ ವಿಷಯವಲ್ಲ. ವಿದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಬರವಣಿಗೆಗೆ ನಾಲ್ಕು ಮಾನದಂಡಗಳಿವೆ, ನಾಲ್ಕಕ್ಕೂ ಸಮಾನ ತೂಕ. ಅವುಗಳಲ್ಲೊಂದು ಶಬ್ದಸಂಪತ್ತು. ಅದರಲ್ಲಿ 7ನೆಯ ಬ್ಯಾಂಡಿಗೆ, ಅಂದರೆ ಅಂಕದ ಆ ಮಟ್ಟಕ್ಕೆ, ಏರಬೇಕಾದರೆ ಪದಜೋಡಿಗಳ ಅರಿವು ಕಾಣಿಸಬೇಕು ಎಂದು ಪ್ರಕಟಿತ ಮಾನದಂಡದಲ್ಲಿಯೇ ಇದೆ. ಇದನ್ನು ಓದಿದ ಕೂಡಲೇ ಕೆಲವು ಮಕ್ಕಳು ಎಲ್ಲಿಂದಲೋ ಪಟ್ಟಿ ಇಳಿಸಿಕೊಂಡು ಉರುಹೊಡೆಯುತ್ತಾರೆ. ಆಮೇಲೆ ಪ್ರತಿಯೊಂದು ಪ್ರಬಂಧದಲ್ಲಿಯೂ "ಎ ಪ್ಲೆಥರಾ ಆಫ್", "ಬರ್ನಿಂಗ್ ಇಶ್ಯೂ" ಬಂದು ಕೂರುತ್ತವೆ. ಬಸ್ಸು ತಡವಾಗಿ ಬರುವುದನ್ನು ಬರ್ನಿಂಗ್ ಇಶ್ಯೂ ಎಂದು ಬರೆದದ್ದನ್ನು ನಾನು ತಿದ್ದಿದ್ದೇನೆ. ಜೋಡಿ ಸರಿ, ಜಾಗ ಸರಿಯಲ್ಲ. ಆದ್ದರಿಂದ ಅಕ್ಕ ಕೇಳಿದ ಬಾಯಿಪಾಠಕ್ಕೆ ನನ್ನ ಉತ್ತರ ಬೇಡ ಎಂದೇ. ತಾನು ಓದುವ ಪಾಠದಿಂದಲೇ ಜೋಡಿಯನ್ನು ಇಡೀ ವಾಕ್ಯದ ಸಮೇತ ಎತ್ತಿ ಬರೆದಿಟ್ಟುಕೊಂಡು, ಅದೇ ವಾರ ತನ್ನ ಬರವಣಿಗೆಯಲ್ಲಿ ಒಮ್ಮೆ ಬಳಸಿದರೆ ಅದು ಅವಳದಾಗುತ್ತದೆ.

ಮರುಪ್ರಶ್ನೆ: ಬದಿಯಡ್ಕದ ಓದುಗಿ

ಮೂವರಿಗೂ ಕೃತಜ್ಞತೆಗಳು. ಮಗಳೂ ಕುಳಿತು ಓದಿದಳು. ಮುಂದಿನ ಪ್ರಬಂಧಕ್ಕೆ ಅವಳು "ನಮ್ಮ ಅಡಿಕೆ ತೋಟ" ಎಂಬ ವಿಷಯವನ್ನು ಆರಿಸಿಕೊಂಡಿದ್ದಾಳೆ. ಗೊಬ್ಬರ ಹಾಕುವುದು, ಮದ್ದು ಬಿಡುವುದು, ಕೊಯ್ಯುವುದು, ಸುಲಿಯುವುದು ಎಲ್ಲವೂ ಅವಳು ಕಣ್ಣಾರೆ ಕಂಡದ್ದು, ಆದರೆ ಇವಕ್ಕೆಲ್ಲ ಇಂಗ್ಲಿಷಿನಲ್ಲಿ ಯಾವ ಕ್ರಿಯಾಪದ ಎಂಬಲ್ಲಿ ಮತ್ತೆ ನಿಂತಿದ್ದಾಳೆ. ಪಠ್ಯಪುಸ್ತಕದಲ್ಲಿ ಇಂಥ ಮಾತುಗಳು ಸಿಗುವುದಿಲ್ಲ. ಎಲ್ಲಿ ಓದಬೇಕು?

ಉತ್ತರ: ಕುಂಬಳೆಯ ನಿವೃತ್ತ ಅಧ್ಯಾಪಕ

ವಿಷಯವನ್ನು ಬಹಳ ಚೆನ್ನಾಗಿ ಆರಿಸಿಕೊಂಡಿದ್ದಾಳೆ. ಇದಕ್ಕೆ ಲಂಡನ್ನಿನ ಪುಸ್ತಕ ಬೇಕಿಲ್ಲ, ನಮ್ಮ ಕಾಸರಗೋಡಿನಲ್ಲಿಯೇ ಸಿಪಿಸಿಆರ್‌ಐ ಇದೆ. 1916ರಲ್ಲಿ ತೆಂಗು ಸಂಶೋಧನ ಕೇಂದ್ರವಾಗಿ ಆರಂಭವಾಗಿ 1970ರಲ್ಲಿ ಕೇಂದ್ರೀಯ ತೋಟ ಬೆಳೆಗಳ ಸಂಶೋಧನ ಸಂಸ್ಥೆಯಾದ ಅದು ಅಡಿಕೆ ಕೃಷಿಯ ಮೇಲೆ ಇಂಗ್ಲಿಷಿನಲ್ಲಿ ಕೈಪಿಡಿಗಳನ್ನು ಹೊರತಂದಿದೆ. ಕೃಷಿಯ ಇಂಗ್ಲಿಷ್ ಜೋಡಿಗಳೆಲ್ಲ ಅವುಗಳ ಪುಟಗಳಲ್ಲಿ ಸಾಲಾಗಿ ಸಿಗುತ್ತವೆ, ಅದೂ ಅವಳಿಗೆ ಗೊತ್ತಿರುವ ಕೆಲಸಗಳ ವಿವರಣೆಯಾಗಿ. ಅರ್ಥ ಮೊದಲೇ ತಿಳಿದಿರುವುದರಿಂದ ಗಮನವೆಲ್ಲ ಶಬ್ದದ ಮೇಲಿರುತ್ತದೆ.

ಗೊಬ್ಬರಕ್ಕೆ "ಅಪ್ಲೈ": ಅಪ್ಲೈ ಮೆನ್ಯೂರ್. ನಮ್ಮ "ಹಾಕು" ಎಂಬುದು "ಮಾಡು"ವಿನಷ್ಟೇ ದುಡಿಯುವ ಶಬ್ದ. ಗೊಬ್ಬರ ಹಾಕುವುದು ಅಪ್ಲೈ, ಮತ ಹಾಕುವುದು ಕಾಸ್ಟ್, ಕೇಸು ಹಾಕುವುದು ಫೈಲ್, ಅಂಗಿ ಹಾಕುವುದು ಪುಟ್ ಆನ್, ಅರ್ಜಿ ಹಾಕುವುದು ಸಬ್ಮಿಟ್. ಮದ್ದು ಬಿಡುವುದಕ್ಕೆ "ಸ್ಪ್ರೇ" ಬೇಕು: ಸ್ಪ್ರೇ ಬೋರ್ಡೋ ಮಿಕ್ಸ್‌ಚರ್. ಇಲ್ಲಿ ಮದ್ದಿಗೆ ಮೆಡಿಸಿನ್ ಎಂದು ಬರೆಯಬಾರದು. ಕೊಳೆರೋಗಕ್ಕೆ ಫ್ರೂಟ್ ರಾಟ್ ಎನ್ನುತ್ತಾರೆ. ರೋಗ "ಸ್ಪ್ರೆಡ್" ಆಗುತ್ತದೆ, ಅದನ್ನು "ಕಂಟ್ರೋಲ್" ಮಾಡುತ್ತಾರೆ, ಅದು "ಕಾಸ್" ಮಾಡುವುದು ಹೆವಿ ಲಾಸ್. ಮಂಜೇಶ್ವರದ ತಂಗಿ ಹೇಳಿದ "ಕಾಸ್" ಇಲ್ಲಿ ತನ್ನ ಸರಿಯಾದ ಜಾಗದಲ್ಲಿದೆ, ಮಳೆಯ "ಹೆವಿ" ನಷ್ಟಕ್ಕೂ ಹೊಂದಿದೆ.

ಕೊಯ್ಯುವುದರಲ್ಲಿ ಸ್ವಲ್ಪ ನಿಲ್ಲಬೇಕು. ನಾವು ಹೂ ಕೊಯ್ಯುತ್ತೇವೆ, ಮಾವು ಕೊಯ್ಯುತ್ತೇವೆ, ಪೈರು ಕೊಯ್ಯುತ್ತೇವೆ, ಅಡಿಕೆಯನ್ನೂ ಕೊಯ್ಯುತ್ತೇವೆ. ಇಂಗ್ಲಿಷಿನಲ್ಲಿ ಹೂವಿಗೂ ಮಾವಿಗೂ "ಪಿಕ್", ಪೈರಿಗೆ "ರೀಪ್" ಅಥವಾ "ಹಾರ್ವೆಸ್ಟ್", ಅಡಿಕೆಗೆ "ಹಾರ್ವೆಸ್ಟ್". ಸುಲಿಯುವುದೂ ಹಾಗೆಯೇ ಒಡೆದುಕೊಳ್ಳುತ್ತದೆ. ಬಾಳೆಹಣ್ಣನ್ನು "ಪೀಲ್", ನೆಲಗಡಲೆಯನ್ನು "ಶೆಲ್", ಅಡಿಕೆ ಮತ್ತು ತೆಂಗಿನಕಾಯಿಯನ್ನು "ಹಸ್ಕ್". ಮೇಲಿನದು ತೆಳು ಸಿಪ್ಪೆಯೋ, ಗಟ್ಟಿ ಕೋಶವೋ, ನಾರಿನ ಹೊದಿಕೆಯೋ ಎಂದು ನೋಡಿ ಕ್ರಿಯಾಪದ ಬದಲಾಗುವುದರಿಂದ ಈ ಒಂದು ಕಡೆ ಅರ್ಥವೂ ದಾರಿ ತೋರಿಸುತ್ತದೆ. ಚಾಲಿಗೆಂದು, ಅಂದರೆ ಒಣ ಅಡಿಕೆಗೆಂದು, ಅಂಗಳದಲ್ಲಿ 40 ದಿನಗಳಷ್ಟು ಒಣಗಿಸುವುದನ್ನು "ಡ್ರೈ ಇನ್ ದ ಸನ್" ಎಂದರೆ ಸಾಕು, "ಅಂಡರ್ ದ ಸನ್" ಎಂದು ಬರೆಯದಿರಲಿ.

ಅಂಗಳ, ಮುಟ್ಟಾಳೆ, ಹಾಳೆ, ಸೋಗೆ ಇವಕ್ಕೆಲ್ಲ ಇಂಗ್ಲಿಷ್ ಹುಡುಕಿ ದಣಿಯುವುದು ಬೇಡ. ಹೆಸರುಗಳನ್ನು ಹಾಗೆಯೇ ಬರೆದು ಒಂದು ವಾಕ್ಯದಲ್ಲಿ ವಿವರಿಸಲಿ. ಬರೆದಾದ ಮೇಲೆ ಪ್ರತಿಯೊಂದು ನಾಮಪದದ ಪಕ್ಕದ ಕ್ರಿಯಾಪದವನ್ನೂ ನಿಘಂಟಿನಲ್ಲಿ ಪರಿಶೀಲಿಸಲಿ. ಎರಡು ಪುಟದ ಪ್ರಬಂಧಕ್ಕೆ ಒಂದು ಸಂಜೆ ಬೇಕಾದೀತು. ಆಮೇಲೂ ಸಂದೇಹ ಉಳಿದ ವಾಕ್ಯಗಳನ್ನು ಇಲ್ಲಿ ಹಾಕಲಿ, ನೋಡಿ ಹೇಳುತ್ತೇನೆ.